ನಿಧಾನ ಗುಮಾಸ್ತರ ಅರ್ಧ ನಿಮಿಷ

ಪ್ರತಿಯೊಂದು ಕಚೇರಿಗೂ ಒಬ್ಬ ಪ್ರಧಾನ ಗುಮಾಸ್ತರಿರುತ್ತಾರೆ. ನಮ್ಮ ಬೀದಿಯ ತೂಕ ಮತ್ತು ಅಳತೆ ಉಪಕಚೇರಿಯ ಭಾಗ್ಯವೇ ಬೇರೆ. ಅಲ್ಲಿ ಪ್ರಧಾನ ಗುಮಾಸ್ತರ ಜೊತೆಗೆ ಒಬ್ಬ ನಿಧಾನ ಗುಮಾಸ್ತರೂ ಇದ್ದರು.

ಆ ಕಚೇರಿಯ ಮೆಟ್ಟಿಲು ಹತ್ತದ ಪುಣ್ಯವಂತರಿಗಾಗಿ ಎರಡು ಮಾತು. ಅಂಗಡಿಯವರು ವರ್ಷಕ್ಕೊಮ್ಮೆ ತಮ್ಮ ತೂಕದ ಬಟ್ಟುಗಳನ್ನು ಅಲ್ಲಿಗೆ ಹೊತ್ತು ತರಬೇಕು. ತಕ್ಕಡಿಯ ಒಂದು ತಟ್ಟೆಯಲ್ಲಿ ಸರ್ಕಾರದ ಬಟ್ಟು, ಇನ್ನೊಂದರಲ್ಲಿ ಅಂಗಡಿಯವರ ಬಟ್ಟು. ನಡುವಿನ ಮುಳ್ಳು ಆ ಕಡೆ ಈ ಕಡೆ ಆಡಿ ಆಡಿ, ಕೊನೆಗೆ ಗೆರೆಯ ಮೇಲೆ ನಿಂತರೆ ತೂಕ ಸರಿ. ಆಮೇಲೆ ಬಟ್ಟಿನ ಬೆನ್ನಿಗಿರುವ ಸೀಸದ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದು ಏಟು. ಮುದ್ರೆ ಬಿತ್ತು, ಅಂಗಡಿಯವರು ಗೆದ್ದರು. ಏಟು ಹಾಕುವ ಕೆಲಸ ಸುತ್ತಿಗೆ ಅಕ್ಕನದು. ಮುಳ್ಳು ನೋಡುವ ಕೆಲಸ ನಮ್ಮ ನಿಧಾನ ಗುಮಾಸ್ತರದು. ಇವರಿಬ್ಬರೂ ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡುತ್ತಾ ಟೀ ಕುಡಿಯುವ ಕೆಲಸ ಪ್ರಧಾನ ಗುಮಾಸ್ತರದು. ಒಟ್ಟು ಮೂರೇ ಜನ. ಆದರೆ ಅವರ ಮುಂದೆ ನಿಂತ ಸಾಲು ಮಾತ್ರ ಬೀದಿಯ ತಿರುವಿನವರೆಗೆ.

ಮುಳ್ಳು ನೋಡುವುದೆಂದರೆ ಮುಳ್ಳು ನಿಲ್ಲುವುದನ್ನು ಕಾಯುವುದು. ಈ ಕಾಯಕದಲ್ಲಿ ನಿಧಾನ ಗುಮಾಸ್ತರನ್ನು ಮೀರಿಸುವವರಿರಲಿಲ್ಲ. ತಟ್ಟೆಗೆ ಬಟ್ಟು ಇಟ್ಟು, ಗಲ್ಲಕ್ಕೆ ಕೈ ಕೊಟ್ಟು ಕೂತರೆಂದರೆ ಮುಳ್ಳು ಎಡಕ್ಕೆ ಹೋದಾಗ ಕಣ್ಣು ಎಡಕ್ಕೆ, ಬಲಕ್ಕೆ ಹೋದಾಗ ಕಣ್ಣು ಬಲಕ್ಕೆ. ಅದನ್ನೇ ನೋಡುತ್ತಾ ಸಾಲಿನಲ್ಲಿದ್ದವರೂ ಮೆಲ್ಲಗೆ ತೂಗತೊಡಗುತ್ತಿದ್ದರು. ತೂಕಕ್ಕೂ ತೂಕಡಿಕೆಗೂ ಇರುವ ನೆಂಟಸ್ತನ ಭಾಷಾಪಂಡಿತರಿಗೆ ಗೊತ್ತಿಲ್ಲದಿರಬಹುದು, ಆ ಸಾಲಿನಲ್ಲಿ ನಿಂತ ದಿನಸಿಯವರಿಗೆ ಚೆನ್ನಾಗಿ ಗೊತ್ತಿತ್ತು.

"ಸ್ವಾಮಿ, ಸ್ವಲ್ಪ ಬೇಗ ನೋಡಿ. ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದೀನಿ."

"ನಾನು ತಯಾರಾಗೇ ಇದೀನಪ್ಪ. ಮುಳ್ಳು ತಯಾರಿಲ್ಲ."

"ಹಾಗಾದ್ರೆ ಬೆರಳಲ್ಲಿ ಒಂಚೂರು ಹಿಡೀರಿ."

"ಹಿಡಿದು ನಿಲ್ಸಿದ್ರೆ ಅದು ತೂಕ ಅಲ್ಲಪ್ಪ, ಬಂಧನ."

ಇಂಥ ಮನುಷ್ಯನಿಗೆ ಒಂದು ದಿನ ಕ್ಷೌರದಂಗಡಿಯಲ್ಲಿ ಜ್ಞಾನೋದಯವಾಯಿತು. ಅರ್ಧ ತಲೆ ಮುಗಿದಿತ್ತು, ಇನ್ನರ್ಧ ಕಾಯುತ್ತಿತ್ತು. ಎದುರಿನ ಟಿವಿಯಲ್ಲಿ ಒಂದು ಮೊಗ್ಗು ಕಾಣಿಸಿತು. ನೋಡನೋಡುತ್ತಿದ್ದಂತೆ ಅದು ಮೈ ಮುರಿಯಿತು, ಆಕಳಿಸಿತು, ಒಂದೊಂದೇ ಎಸಳನ್ನು ತೋಳಿನಂತೆ ಚಾಚಿ ಹೂವಾಗಿ ನಿಂತಿತು. ಗುಮಾಸ್ತರ ಬಾಯಿಯೂ ಅದರ ಜೊತೆಯಲ್ಲೇ ಅರಳಿತು.

"ಇದೇನಪ್ಪ ಮಾಯ?"

"ಮಾಯ ಏನಿಲ್ಲ ಸಾರ್, ಟೈಮ್ ಲ್ಯಾಪ್ಸ್ ಅಂತ," ಎಂದ ಕ್ಷೌರಿಕ. "ಫೋನನ್ನ ಅಲ್ಲಾಡದ ಹಾಗೆ ಒಂದ್ಕಡೆ ನಿಲ್ಸಿಬಿಟ್ರೆ, ಅದೇ ಆಗಾಗ ಒಂದೊಂದು ಫೋಟೋ ತೆಗೀತಾ ಹೋಗುತ್ತೆ. ಆಮೇಲೆ ಎಲ್ಲಾ ಪೋಣಿಸಿ ಓಡ್ಸುತ್ತೆ. ಇಡೀ ದಿನ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತೆ."

"ಅದು ಓಡೋವಾಗ ನಾವೇನು ಮಾಡಬೇಕು?"

"ಏನೂ ಮಾಡಬಾರ್ದು ಸಾರ್. ಸುಮ್ನೆ ಕಾಯ್ಬೇಕು."

ಗುಮಾಸ್ತರು ಅರ್ಧ ಕ್ಷೌರದಲ್ಲೇ ಎದ್ದು ನಿಂತರು. ಜಗತ್ತಿನಲ್ಲಿ ಕೊನೆಗೂ ಅವರಿಗಾಗಿಯೇ ಒಂದು ಕಲೆ ಹುಟ್ಟಿತ್ತು.

ಅಂದಿನಿಂದ ಅವರ ಮನೆಯಲ್ಲಿ ಯಾವ ವಸ್ತುವೂ ನೆಮ್ಮದಿಯಾಗಿ ಹಳಸುವಂತಿರಲಿಲ್ಲ. ಲೋಟದಲ್ಲಿ ಒದ್ದೆ ಹತ್ತಿಯ ಮೇಲೆ ಹುರುಳಿಕಾಯಿಯ ಬೀಜವಿಟ್ಟರು. ಅದು ಮೊಳಕೆ ಎತ್ತಿ, ಅತ್ತಿತ್ತ ನೋಡಿ, ದೊಡ್ಡವರನ್ನು ಕಂಡವರು ಟೋಪಿ ತೆಗೆಯುವ ಹಾಗೆ ಸಿಪ್ಪೆ ಕಳಚಿ ಬಾಗಿತು. ಮೋಡಗಳು ಶಾಲೆ ಬಿಟ್ಟ ಮಕ್ಕಳಂತೆ ಓಡಿದವು. ಬಟ್ಟೆ ಒಣಹಾಕುವ ಹಗ್ಗದ ನೆರಳು ಗೋಡೆ ಇಳಿದು, ನೆಲ ಗುಡಿಸಿ, ಎದುರು ಗೋಡೆ ಹತ್ತಿತು. ಬಾಳೆಹಣ್ಣೊಂದು ಹಳದಿಯಿಂದ ಕಪ್ಪಾಗುವುದನ್ನು ಇಡೀ ಸಂಸಾರ ಕೂತು ನೋಡಿತು. ಜೊತೆಗೇ ವಾಸವಿದ್ದ ಮಾವನವರ ಮಧ್ಯಾಹ್ನದ ನಿದ್ದೆಯನ್ನೂ ಗುಮಾಸ್ತರು ಬಿಡಲಿಲ್ಲ. ಆ ವಿಡಿಯೋದಲ್ಲಿ ಮಾವನವರು ಹೆಂಚಿನ ಮೇಲಿನ ಮೀನಿನಂತೆ ಎಡಕ್ಕೂ ಬಲಕ್ಕೂ ಮಗುಚಿಕೊಳ್ಳುತ್ತಿದ್ದರು.

"ನಾನು ಕಣ್ಣೇ ಮುಚ್ಚಿಲ್ಲ ಅಂತ ದಿನಾ ಹೇಳ್ತೀರಲ್ಲ ಮಾವ, ಈಗ ನೋಡಿ."

"ಟೈಮ್ ಲ್ಯಾಪ್ಸ್ ಅಲ್ಲ ಅಳಿಯಂದ್ರೇ, ಟೈಮ್ ಲಾಸು," ಎಂದು ಮಾವನವರು ಮುಖ ತಿರುಗಿಸಿದರೂ, ಆ ವಿಡಿಯೋ ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು.

"ನೋಡೇ," ಎಂದು ಗುಮಾಸ್ತರು ಹೆಂಡತಿಯ ಮುಂದೆ ಫೋನು ಹಿಡಿದರು. "ಎಲ್ಲಾ ನಡೀತಾನೇ ಇರುತ್ತೆ. ಗೋಡೆ, ನೆರಳು, ಬೀಜ, ಯಾವುದೂ ಸುಮ್ನೆ ಕೂತಿಲ್ಲ. ನಮಗೆ ನೋಡೋ ವ್ಯವಧಾನ ಇಲ್ಲ, ಅಷ್ಟೆ."

"ವ್ಯವಧಾನ ಇಲ್ದೆ ಇರೋದು ನನಗೆ. ನಲ್ಲಿ ಕೆಳಗೆ ಪಾತ್ರೆ ನಿನ್ನೆಯಿಂದ ಸುಮ್ನೆ ಕೂತಿದೆ. ಅದನ್ನೂ ಓಡ್ಸಿ ನೋಡಿ, ತಾನಾಗೇ ತೊಳ್ಕೊಳ್ಳುತ್ತೇನೋ," ಎಂದರು ಹೆಂಡತಿ. ಆಮೇಲೆ ಒಂದು ಮಾತು ಸೇರಿಸಿದರು: "ಒಂದ್ಸಲ ನಿಮ್ಮನ್ನೇ ಅದ್ರಲ್ಲಿ ತೆಗೀರಿ. ನೀವು ಅಲ್ಲಾಡೋದನ್ನ ನಾನೂ ಕಣ್ತುಂಬ ನೋಡ್ಬೇಕು."

ಈ ಮಾತು ಗುಮಾಸ್ತರ ಎದೆಗೆ ನಾಟುವ ಹೊತ್ತಿಗೆ ಕಚೇರಿಗೆ ಒಂದು ಸುತ್ತೋಲೆ ಬಂತು. ಓದಿದವರಿಗೆಲ್ಲ ತಲೆ ಸುತ್ತಿತು. ಕೆಲಸ ನಿಧಾನವಾಗಿರುವ ಉಪಕಚೇರಿಗಳನ್ನು ಮುಚ್ಚಿ, ಸಿಬ್ಬಂದಿಯನ್ನು ನೀರಾಚೆಯ ಒಂದು ದ್ವೀಪದ ಕಚೇರಿಗೆ ಕಳಿಸುವುದಾಗಿ ಇಲಾಖೆ ತೀರ್ಮಾನಿಸಿತ್ತು.

"ಮುಚ್ತಾರಂತೆ, ಮುಚ್ತಾರಂತೆ," ಎಂದರು ಪ್ರಧಾನ ಗುಮಾಸ್ತರು. ಕಷ್ಟ ಬಂದಾಗ ಪ್ರತಿ ಮಾತನ್ನೂ ಎರಡು ಸಲ ಹೇಳುವುದು ಅವರ ರೂಢಿ. ಒಂದು ಅವರಿಗೆ, ಒಂದು ಕಚೇರಿಯ ಪ್ರತಿಗೆ. "ದ್ವೀಪ ಅಂತೆ, ದ್ವೀಪ. ದಿನಾ ದೋಣಿ ಅಂತೆ, ದೋಣಿ."

"ಅಲ್ಲೇನು ತೂಗೋದು?" ಎಂದಳು ಸುತ್ತಿಗೆ ಅಕ್ಕ.

"ಮೀನು."

"ಮೀನಂಗಡಿ ಎಷ್ಟಿವೆ?"

"ಒಂದು. ಒಂದು."

ಎಲ್ಲರಿಗಿಂತ ಹೆಚ್ಚು ಕುಸಿದವರು ನಿಧಾನ ಗುಮಾಸ್ತರು. ಅವರ ಮನೆ ಕಚೇರಿಯ ಬೆನ್ನಿಗೇ ಇತ್ತು. ಹೆಂಡತಿ ಒಗ್ಗರಣೆ ಹಾಕಿದರೆ ತಕ್ಕಡಿಯ ಮುಂದೆ ಸೀನು ಬರುವಷ್ಟು ಹತ್ತಿರ. ಅದೂ ಅಲ್ಲದೆ ಬಕೆಟ್ಟಿನ ನೀರು ಅಲ್ಲಾಡಿದರೂ ಅವರಿಗೆ ಹೊಟ್ಟೆ ತೊಳೆಸುತ್ತಿತ್ತು. ದಿನಕ್ಕೆರಡು ಬಾರಿ ದೋಣಿ ಎಂದರೆ ದಿನಕ್ಕೆರಡು ಬಾರಿ ಮರಣ.

ಆದರೆ ಕಲಾವಿದನ ಎದೆಗಾರಿಕೆ ಬೇರೆ. 'ಮುಚ್ಚುವುದೇ ಆದರೆ ಒಂದು ನೆನಪಾದರೂ ಇರಲಿ' ಎಂದುಕೊಂಡು ಮರುದಿನ ಫೋನನ್ನು ಬೀರುವಿನ ಮೇಲೆ ಎರಡು ಬಟ್ಟುಗಳ ನಡುವೆ ಸಿಕ್ಕಿಸಿ, ಇಡೀ ದಿನದ ಕಚೇರಿಯನ್ನು ಸೆರೆ ಹಿಡಿದರು. ಸಂಜೆ ಮನೆಯಲ್ಲಿ ಅದನ್ನು ಓಡಿಸಿದರು.

ಅಹಾ! ಅದೇ ಕಚೇರಿಯೇ ಅದು? ಸಾಲು ಹೊಳೆಯಂತೆ ಹರಿದು ಬರುತ್ತಿತ್ತು, ಹರಿದು ಹೋಗುತ್ತಿತ್ತು. ಸುತ್ತಿಗೆ ಅಕ್ಕ ಮರಕುಟಿಗದಂತೆ ಟಕಟಕ ಬಡಿಯುತ್ತಿದ್ದಳು. ಪ್ರಧಾನ ಗುಮಾಸ್ತರು ಟೀ ಕೆಟಲಿಗೂ ಕುರ್ಚಿಗೂ ನಡುವೆ ಮಗ್ಗದ ಲಾಳಿಯಂತೆ ಓಡಾಡುತ್ತಿದ್ದರು. ಇನ್ನು ನಿಧಾನ ಗುಮಾಸ್ತರ ಕೈಗಳಂತೂ ಕಾಣುತ್ತಲೇ ಇರಲಿಲ್ಲ. ಬಟ್ಟುಗಳು ತಾವೇ ತಟ್ಟೆಗೆ ಹಾರಿ ಕೂತು, ತಾವೇ ಇಳಿಯುತ್ತಿದ್ದವು.

"ನೋಡೇ! ನಾನು ಹೇಗೆ ಅಲ್ಲಾಡ್ತಾ ಇದೀನಿ!" ಎಂದು ಗುಮಾಸ್ತರು ಹೆಂಡತಿಯನ್ನು ಕೂಗಿದರು.

ಹೆಂಡತಿ ಕೈ ಒರೆಸಿಕೊಂಡು ಬಂದು ನೋಡಿದರು. "ರೀ, ಮನೇಲಿ ಯಾಕ್ರೀ ಹೀಗಿರಲ್ಲ ನೀವು?"

ಮಾವನವರಿಗೆ ಹೆಮ್ಮೆ ಉಕ್ಕಿತು. ಅವರಿಗೊಂದು ಬೆಳಗಿನ ನಡಿಗೆಯ ಬಳಗವಿತ್ತು. ನಿವೃತ್ತರು ನಡೆಯುವುದಕ್ಕಿಂತ ಹೆಚ್ಚಾಗಿ ಫೋನಿನಲ್ಲಿ ಪರಸ್ಪರ ವಿಡಿಯೋ ಕಳಿಸಿಕೊಳ್ಳುವ ಬಳಗ. ಅದಕ್ಕೆ ಈ ವಿಡಿಯೋವನ್ನು ತಳ್ಳಿ, ಕೆಳಗೆ ಬರೆದರು: 'ನಮ್ಮ ಅಳಿಯಂದಿರ ಕಚೇರಿಯ ಕೆಲಸದ ವೇಗ. ಯಾರು ಹೇಳಿದ್ದು ಸರ್ಕಾರಿ ಕಚೇರಿ ನಿಧಾನ ಅಂತ?' ಟೈಮ್ ಲ್ಯಾಪ್ಸ್ ಎಂಬ ಮಾತನ್ನು ಅವರು ಬರೆಯಲಿಲ್ಲ. ಬರೆಯಲು ಬರುತ್ತಿರಲಿಲ್ಲ ಎಂಬುದೂ ಒಂದು ಕಾರಣ.

ಆ ಬಳಗದಲ್ಲಿದ್ದ ಹಿರಿಯರೊಬ್ಬರ ಮಗನೇ ಇಲಾಖೆಯ ದೊಡ್ಡ ಸಾಹೇಬರು. ಸುತ್ತೋಲೆಗೆ ಸಹಿ ಹಾಕಿದ್ದ ಅದೇ ಸಾಹೇಬರು.

ಮರುದಿನ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಬೀದಿ ತುಂಬಿತ್ತು. ವಿಡಿಯೋ ರಾತ್ರಿಯಿಡೀ ಫೋನಿನಿಂದ ಫೋನಿಗೆ ಹಾರಿತ್ತು. ಬೇರೆ ಬೇರೆ ಬಡಾವಣೆಗಳಿಂದ ಅಂಗಡಿಯವರು ಚೀಲ ಚೀಲ ಬಟ್ಟು ಹೊತ್ತು ಬಂದಿದ್ದರು. ಒಬ್ಬ ಗುಜರಿಯವರು ತಳ್ಳುಗಾಡಿಯ ಸಮೇತ ಒಳಗೆ ನುಗ್ಗಿ, "ಅಣ್ಣಾ, ಗಾಡಿ ನಿಲ್ಲಿಸಲ್ಲ, ಹೀಗೇ ಸುತ್ತು ಹಾಕ್ತಿರ್ತೀನಿ, ನೀವು ಎತ್ತಿ ಎತ್ತಿ ನೋಡಿ ಇಟ್ಬಿಡಿ, ವಿಡಿಯೋದಲ್ಲಿ ಮಾಡಿದ ಹಾಗೆ," ಎಂದರು.

ಅಷ್ಟರಲ್ಲಿ ಪ್ರಧಾನ ಗುಮಾಸ್ತರ ಫೋನು ರಿಂಗಣಿಸಿತು. ಸಾಹೇಬರ ದನಿ ಇಡೀ ಕಚೇರಿಗೆ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಏನ್ರೀ, ವಿಡಿಯೋ ನೋಡ್ದೆ. ಅದು ನಿಮ್ಮ ಕಚೇರೀನೇನಾ?"

ಪ್ರಧಾನ ಗುಮಾಸ್ತರು ವಿಡಿಯೋ ನೋಡಿರಲಿಲ್ಲ. ಆದರೆ ಮೇಲಿನವರ ಪ್ರಶ್ನೆಗೆ ಹೌದು ಎನ್ನುವುದು ಅವರ ಮೂಳೆಯಲ್ಲೇ ಇತ್ತು. "ಹೌದು ಸಾರ್, ಹೌದು ಸಾರ್."

"ಅಷ್ಟು ವೇಗವಾಗಿ ಕೆಲಸ ಮಾಡ್ತೀರಾ?"

"ಮಾಡ್ತೀವಿ ಸಾರ್, ಮಾಡ್ತೀವಿ ಸಾರ್."

"ನೋಡ್ರೀ, ನಾನು ಯಾರ ಮಾತನ್ನೂ ನಂಬೋನಲ್ಲ. ಕಣ್ಣಾರೆ ಕಂಡದ್ದು ಮಾತ್ರ ನನಗೆ ಸತ್ಯ. ಸೋಮವಾರ ಬರ್ತೀನಿ. ನಿಜ ಆಗಿದ್ರೆ ನಿಮ್ಮ ಕಚೇರಿ ಉಳೀತು. ಸುಳ್ಳಾಗಿದ್ರೆ ಮಂಗಳವಾರ ದೋಣಿ."

ಫೋನಿಟ್ಟ ಮೇಲೆ ಪ್ರಧಾನ ಗುಮಾಸ್ತರು ಮೊದಲ ಬಾರಿಗೆ ವಿಡಿಯೋ ನೋಡಿದರು. ಮುಖದ ಬಣ್ಣ ಇಳಿಯಿತು.

"ಏನ್ರೀ ಇದು? ಇದು ನಾವಾ? ನಾವಾ?"

"ನಾವೇ ಸಾರ್. ಆದ್ರೆ ಇಡೀ ದಿನದ್ದು ಅರ್ಧ ನಿಮಿಷದಲ್ಲಿ. ಈಗ್ಲೇ ಫೋನ್ ಮಾಡಿ ನಿಜ ಹೇಳಿಬಿಡ್ತೀನಿ," ಎಂದರು ನಿಧಾನ ಗುಮಾಸ್ತರು.

"ಹೇಳಿ, ಹೇಳಿ," ಎಂದಳು ಸುತ್ತಿಗೆ ಅಕ್ಕ. "ನಿಜ ಹೇಳಿದ್ರೆ ನಾಳೆ ಶನಿವಾರವೇ ದೋಣಿ. ಅದಕ್ಕಿಂತ ಸೋಮವಾರದವರೆಗೆ ವಿಡಿಯೋದ ಹಾಗೆ ಕೆಲಸ ಮಾಡೋದನ್ನ ಕಲಿಯೋಣ. ನಾವು ಸುಳ್ಳು ಹೇಳಿಲ್ಲ ತಾನೆ? ಸ್ವಲ್ಪ ಮುಂಚಿತವಾಗಿ ನಿಜ ಹೇಳಿದೀವಿ, ಅಷ್ಟೆ."

ಇಂಥ ತರ್ಕದ ಮುಂದೆ ನ್ಯಾಯಾಧೀಶರೂ ಸೋಲುತ್ತಿದ್ದರು. ಗುಮಾಸ್ತರು ಯಾವ ಲೆಕ್ಕ? ಬೀದಿ ತುಂಬಿದ್ದ ಅಂಗಡಿಯವರಿಗೆ ಸೋಮವಾರ ಬನ್ನಿ ಎಂದು ಹೇಳಿ ಕಳಿಸಿದರು.

ಭಾನುವಾರ ತಾಲೀಮು ಶುರುವಾಯಿತು. ಫೋನನ್ನು ಗೋಡೆಗೆ ಒರಗಿಸಿ, ವಿಡಿಯೋ ಹಾಕಿಕೊಂಡು, ಮೂವರೂ ತಮ್ಮನ್ನು ತಾವೇ ಅನುಕರಿಸತೊಡಗಿದರು. ಮನುಷ್ಯ ಇನ್ನೊಬ್ಬರ ಅಣಕ ಮಾಡುವುದು ಸುಲಭ. ತನ್ನ ಅಣಕ ತಾನೇ ಮಾಡುವುದು ಯೋಗಸಾಧನೆ.

"ನಾನು ಬರೀ ಟೀ ಕುಡೀತಾ ಇದೀನಲ್ರೀ ಇದ್ರಲ್ಲಿ," ಎಂದರು ಪ್ರಧಾನ ಗುಮಾಸ್ತರು.

"ಆದ್ರೂ ಎಷ್ಟು ಚುರುಕಾಗಿ ಕುಡೀತೀರ ನೋಡಿ ಸಾರ್," ಎಂದು ಸುತ್ತಿಗೆ ಅಕ್ಕ ಹುರಿದುಂಬಿಸಿದಳು.

ಅವರಿಗೆ ಬಟ್ಟು ಎತ್ತಿಕೊಡುವ ಹೊಸ ಪಾತ್ರ ಸಿಕ್ಕಿತು. ಕೀಲಿ ಕೊಟ್ಟ ಬೊಂಬೆಯಂತೆ ಕುತ್ತಿಗೆ ಕುಣಿಸುತ್ತಾ ಓಡಿ ಬಂದು, ಅಕ್ಕನಿಗೆ ಡಿಕ್ಕಿ ಹೊಡೆದು, ಬಟ್ಟನ್ನು ತಮ್ಮ ಕಾಲ ಮೇಲೆಯೇ ಬೀಳಿಸಿಕೊಂಡರು. "ಅಯ್ಯೋ! ಅಯ್ಯೋ!" ಈ ಸಲ ಎರಡೂ ಅವರಿಗೇ.

ಅಷ್ಟಾದರೂ ಮುಳ್ಳು ಮಾತ್ರ ತನ್ನ ಪಾಡಿಗೆ ತಾನು ತೂಗುತ್ತಿತ್ತು. ಅಕ್ಕ ಸುತ್ತಿಗೆ ಎತ್ತಿ ಹಿಡಿದು ಕಾದಳು. ಕೈ ಸೋತಿತು.

"ಗುಮಾಸ್ತರೇ, ನಿಂತ ಹಾಗೇ ಅಂತ ಅಂದ್ಕೊಂಡು ಬಿಡಿ."

"ಅದೊಂದು ಆಗಲ್ಲಮ್ಮ. ದೋಣಿ ಹತ್ತಿ ಸತ್ರೂ ಸಾಯ್ತೀನಿ, ಆಡೋ ಮುಳ್ಳಿಗೆ ಮುದ್ರೆ ಹಾಕ್ಸಲ್ಲ," ಎಂದರು ಗುಮಾಸ್ತರು. ಇದುವರೆಗೆ ಅವರನ್ನು ಸೋಮಾರಿ ಎಂದುಕೊಂಡವರು ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಆ ಕ್ಷಣದಲ್ಲಿ ಕರೆಂಟು ಹೋಯಿತು.

ತಲೆಯ ಮೇಲಿನ ಫ್ಯಾನು ನರಳಿ, ನಿಧಾನವಾಗಿ, ನಿಂತುಹೋಯಿತು. ಕಚೇರಿ ನಿಶ್ಶಬ್ದ. ಮುಳ್ಳು ಎಡಕ್ಕೊಮ್ಮೆ ಹೋಯಿತು. ಬಲಕ್ಕೊಮ್ಮೆ ಬಂತು. ಗೆರೆಯ ಮೇಲೆ ನಿಂತೇಬಿಟ್ಟಿತು.

ಮೂವರೂ ಮುಳ್ಳನ್ನು ನೋಡಿದರು. ಮೂವರೂ ಫ್ಯಾನನ್ನು ನೋಡಿದರು. ಆಮೇಲೆ ಉಳಿದಿಬ್ಬರೂ ನಿಧಾನ ಗುಮಾಸ್ತರನ್ನು ನೋಡಿದರು.

"ಅಂದ್ರೆ," ಎಂದಳು ಅಕ್ಕ, ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಡುತ್ತಾ, "ಇಷ್ಟು ವರ್ಷ ಈ ಮುಳ್ಳು ಆಡ್ತಾ ಇದ್ದದ್ದು ತೂಕಕ್ಕಲ್ಲ, ಗಾಳಿಗೆ. ಬೆಳಿಗ್ಗೆ ಬಂದ ತಕ್ಷಣ ಫ್ಯಾನ್ ಹಾಕ್ತಾ ಇದ್ದದ್ದು ಯಾರು?"

"ನಾನೇ. ಪಾಪ, ಜನ ಅಷ್ಟು ಹೊತ್ತು ಕಾಯ್ತಾರಲ್ಲ, ಸೆಕೆ ಆಗ್ಬಾರ್ದು ಅಂತ."

"ಅವ್ರು ಅಷ್ಟು ಹೊತ್ತು ಕಾಯ್ತಾ ಇದ್ದದ್ದೇ ಫ್ಯಾನಿಂದ ಕಣ್ರೀ!"

"ಆದ್ರೆ ಯಾರಿಗೂ ಸೆಕೆ ಆಗ್ಲಿಲ್ಲ, ಅದನ್ನ ನೀವು ಒಪ್ಪಬೇಕು," ಎಂದರು ಗುಮಾಸ್ತರು.

ಸೋಮವಾರ ದೊಡ್ಡ ಸಾಹೇಬರು ಬಂದರು. ಹೆಸರಿಗೆ ತಕ್ಕಂತೆ ದೊಡ್ಡವರೇ. ಪ್ರಧಾನ ಗುಮಾಸ್ತರ ಕುರ್ಚಿ ಅವರನ್ನು ಹೊತ್ತು ಕೀರಲು ದನಿ ತೆಗೆಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಫ್ಯಾನು ಸತ್ತಂತೆ ಜೋತುಬಿದ್ದಿತ್ತು. ಹೊರಗೆ ಬೀದಿ ತುಂಬ ಅಂಗಡಿಯವರು, ಒಳಗೆ ಅಂಗಡಿಯವರ ಮೈ ತುಂಬ ಬೆವರು.

ನಿಧಾನ ಗುಮಾಸ್ತರು ಈ ಮಹಾಸಮರವನ್ನು ಟೈಮ್ ಲ್ಯಾಪ್ಸಿನಲ್ಲಿ ಹಿಡಿಯದೆ ಬಿಡುವುದುಂಟೇ? ಅಕ್ಕನ ಮುದ್ರೆಯ ಕಟ್ಟೆಯ ಪಕ್ಕದಲ್ಲೇ ಫೋನನ್ನು ನಿಲ್ಲಿಸಿ, ಗುಂಡಿ ಒತ್ತಿದರು. ಬೆವರಿದ ಬೆರಳು ಗಾಜಿನ ಮೇಲೆ ಸರ್ರನೆ ಜಾರಿತು. ಎಲ್ಲಿಂದ ಎಲ್ಲಿಗೆ ಜಾರಿತೆಂದು ನೋಡುವ ಪುರಸೊತ್ತು ಇರಲಿಲ್ಲ. "ಶುರು ಮಾಡ್ರೀ!" ಎಂದು ಸಾಹೇಬರು ಗುಡುಗಿದ್ದರು.

ಮುಂದಿನದನ್ನು ವರ್ಣಿಸಲು ನನ್ನ ಲೇಖನಿಗೆ ಅಷ್ಟು ವೇಗವಿಲ್ಲ. ಪ್ರಧಾನ ಗುಮಾಸ್ತರು ಬಟ್ಟು ಎಸೆಯುತ್ತಿದ್ದರು, ನಿಧಾನ ಗುಮಾಸ್ತರು ಹಿಡಿಯುತ್ತಿದ್ದರು, ಮುಳ್ಳು ಎಡ, ಬಲ, ನಿಲ್ಲು, ಅಕ್ಕ ಟಪ್! ದಿನಸಿಯವರು ಚೀಲ ಬಿಚ್ಚುವುದರೊಳಗೆ ಅವರ ಸರದಿ ಮುಗಿದಿತ್ತು. ಬಂಗಾರದಂಗಡಿಯವರು ಚಿಮುಟದಿಂದ ಎತ್ತಿಡುತ್ತಿದ್ದ ಕಿರುಬಟ್ಟುಗಳೂ ಸಲೀಸಾಗಿ ಪಾಸಾದವು. ಗುಜರಿಯವರು ನಿಜವಾಗಿಯೂ ಗಾಡಿ ನಿಲ್ಲಿಸಲಿಲ್ಲ. "ಇನ್ನೂ ಮಾತೇ ಆಡಿಲ್ಲವಲ್ಲ ನಾವು!" ಎಂದು ತರಕಾರಿಯಮ್ಮ ಬೇಜಾರು ಮಾಡಿಕೊಂಡು ಹೋದರು. ಊಟದ ಹೊತ್ತಿಗೆ ಬಹಳ ಮೊದಲೇ ಬೀದಿ ಖಾಲಿಯಾಯಿತು.

ಕಚೇರಿಯಲ್ಲಿ ಮೂರು ಜನರ ಏದುಸಿರು ಬಿಟ್ಟರೆ ಬೇರೆ ಸದ್ದಿಲ್ಲ.

"ಭೇಷ್," ಎಂದರು ಸಾಹೇಬರು. "ಮುಂದೆ?"

"ಮುಗೀತು ಸಾರ್, ಮುಗೀತು ಸಾರ್," ಎಂದರು ಪ್ರಧಾನ ಗುಮಾಸ್ತರು, ಹೆಮ್ಮೆಯಿಂದ.

"ಇವತ್ತಿಂದು ಮುಗೀತು. ನಾಳೆಯದು?"

"ಅದೂ ಮುಗೀತು ಸಾರ್. ನಾಳೆ ಬರೋರೂ ಇವತ್ತೇ ಬಂದ್ಬಿಟ್ಟಿದ್ರು."

ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಅವರ ಮುಖದಲ್ಲಿ ಒಂದು ಆಲೋಚನೆ ಹುಟ್ಟಿ, ಹೊರಳಿ, ಎದ್ದು ಕೂರುವುದು ಎಲ್ಲರಿಗೂ ಕಾಣಿಸಿತು.

"ಅಂದ್ರೆ ಇಲ್ಲಿ ಕೆಲಸವೇ ಇಲ್ಲ ಅಂತಾಯ್ತು," ಎಂದರು ಅವರು. "ಅರ್ಧ ದಿನದಲ್ಲಿ ಮುಗಿಯೋ ಕೆಲಸಕ್ಕೆ ಒಂದು ಕಚೇರಿ, ಮೂರು ಜನ, ಒಂದು ಕೆಟಲು! ತಿಂಗಳಿಗೊಂದು ದಿನ ಕೇಂದ್ರದಿಂದ ಒಬ್ಬ ಬಂದ್ರೆ ಸಾಕಲ್ರೀ. ನೀವು ಮೂರೂ ಜನ ಇಷ್ಟು ಚುರುಕಾಗಿದೀರ, ನಿಮ್ಮಂಥೋರು ದ್ವೀಪಕ್ಕೆ ಬೇಕು. ನಾಳೆ ಬೆಳಗಿನ ದೋಣಿಗೇ ಹೊರಡಿ."

ನಿಧಾನವಾಗಿದ್ದರೆ ಮುಚ್ಚುವುದು, ವೇಗವಾಗಿದ್ದರೂ ಮುಚ್ಚುವುದು. ಆಡಳಿತಶಾಸ್ತ್ರದ ಈ ಸೂಕ್ಷ್ಮ ಪ್ರಧಾನ ಗುಮಾಸ್ತರನ್ನು ಮೂಕರನ್ನಾಗಿಸಿತು. ಅವರು ಒಂದೇ ಒಂದು ಸಲವೂ ಏನನ್ನೂ ಹೇಳಲಿಲ್ಲ. ಸುತ್ತಿಗೆ ಅಕ್ಕ ಸುತ್ತಿಗೆಯನ್ನು ನೋಡಿದಳು, ಸಾಹೇಬರನ್ನು ನೋಡಿದಳು, ದೇವರು ಒಳ್ಳೆಯ ಬುದ್ಧಿ ಕೊಟ್ಟದ್ದರಿಂದ ಸುತ್ತಿಗೆಯನ್ನು ಕೆಳಗಿಟ್ಟಳು.

ನಿಧಾನ ಗುಮಾಸ್ತರ ಹೊಟ್ಟೆಯಲ್ಲಿ ಆಗಲೇ ಅಲೆ ಏಳತೊಡಗಿತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವರು ಮುಂದೆ ಬಂದರು.

"ಸಾರ್, ಒಂದು ನಿಜ ಹೇಳ್ಬೇಕು. ನೀವು ನೋಡಿದ ವಿಡಿಯೋ ಇದೆಯಲ್ಲ, ಅದ್ರಲ್ಲಿರೋ ಹಾಗೆ ನಾವು ಕೆಲಸ ಮಾಡಲ್ಲ. ಅದು ಫೋನಿನ ಚಮತ್ಕಾರ. ಈಗ್ಲೇ ತೋರಿಸ್ತೀನಿ, ಇವತ್ತೂ ತೆಗೆದಿದೀನಿ, ನೋಡಿ." ಎಂದು ಕಟ್ಟೆಯ ಪಕ್ಕದಿಂದ ಫೋನನ್ನು ಎತ್ತಿ ಸಾಹೇಬರ ಮುಂದೆ ಹಿಡಿದು ಓಡಿಸಿದರು.

ಓಡಲಿಲ್ಲ ಅದು.

ಬೆರಳು ಜಾರಿದ್ದು ಟೈಮ್ ಲ್ಯಾಪ್ಸಿನಿಂದ ಅದರ ಪಕ್ಕದ ಮನೆಗೆ. ಓಡುವುದನ್ನು ತೆವಳಿಸಿ ತೋರಿಸುವ ಸ್ಲೋ ಮೋಷನ್ನಿಗೆ. ಸ್ವಲ್ಪದರಲ್ಲೇ ಫೋನಿನ ಹೊಟ್ಟೆ ತುಂಬಿ ನಿಂತುಹೋಗಿ, ಅಕ್ಕನ ಒಂದೇ ಒಂದು ಏಟು ಅದರಲ್ಲಿ ಉಳಿದಿತ್ತು.

ಆದರೆ ಎಂಥ ಏಟು! ಸುತ್ತಿಗೆ ಮೇಲೇರಿತು, ಏರಿತು, ಬೆಟ್ಟದ ಮೇಲೆ ಮೋಡ ಏರುವ ಹಾಗೆ. ತುದಿಯಲ್ಲಿ ನಿಂತು ಯೋಚಿಸಿತು. ಆಮೇಲೆ ಇಳಿಯತೊಡಗಿತು. ಅಕ್ಕನ ತೋಳಿನ ಸ್ನಾಯುಗಳು ಒಂದರ ಹಿಂದೊಂದು ಎದ್ದು ನಿಂತವು. ಅವಳ ಹಣೆಯ ಬೆವರ ಹನಿಯೊಂದು ಕಳಚಿ, ಗಾಳಿಯಲ್ಲಿ ಮುತ್ತಿನಂತೆ ಹೊರಳುತ್ತಾ ತೇಲಿತು. ಹಿಂದೆ ನಿಧಾನ ಗುಮಾಸ್ತರ ಕಣ್ಣಿನ ರೆಪ್ಪೆ ಅಂಗಡಿಯ ಶಟರಿನಂತೆ ಇಳಿಯಿತು. ಪ್ರಧಾನ ಗುಮಾಸ್ತರ ಬಾಯಿ 'ಸಾರ್' ಎಂಬ ಒಂದಕ್ಷರಕ್ಕಾಗಿ ಗುಹೆಯಂತೆ ತೆರೆದುಕೊಂಡಿತು. ಸುತ್ತಿಗೆ ಅಚ್ಚಿಗೆ ತಾಗಿತು. ಅಕ್ಕನ ಕೆನ್ನೆ, ಗದ್ದ, ಭುಜ ಎಲ್ಲವೂ ಕೆರೆಗೆ ಕಲ್ಲು ಬಿದ್ದಂತೆ ಅಲೆಅಲೆಯಾಗಿ ನಡುಗಿದವು. ಸೀಸ ನೊಂದು, ಬಳುಕಿ, ಸರ್ಕಾರದ ಮುದ್ರೆಯನ್ನು ಎದೆಗೊತ್ತಿಕೊಂಡಿತು. ಗುಮಾಸ್ತರ ರೆಪ್ಪೆ ಆಗಷ್ಟೇ ಮೇಲೇಳುತ್ತಿತ್ತು.

ಸಾಹೇಬರು ಫೋನಿನಿಂದ ತಲೆಯೆತ್ತಿ ಅಕ್ಕನನ್ನು ನೋಡಿದರು.

"ಒಂದು ಮುದ್ರೆಗೆ," ಎಂದರು ಕೊನೆಗೆ, "ಒಂದೇ ಒಂದು ಮುದ್ರೆಗೆ ಇಷ್ಟೆಲ್ಲ ಪಡ್ತೀರೇನಮ್ಮ?"

ಸುತ್ತಿಗೆ ಅಕ್ಕ ತಲೆ ತಗ್ಗಿಸಿದಳು. "ಹೇಳ್ಕೊಳ್ಳಲ್ಲ ಸಾರ್ ನಾವು," ಎಂದಳು.

"ಸಾರ್, ಇದೂ ಚಮತ್ಕಾರವೇ," ಎಂದು ನಿಧಾನ ಗುಮಾಸ್ತರು ಬೇಡಿಕೊಂಡರು. "ಇದು ನಿಧಾನದ ಚಮತ್ಕಾರ. ನೀವೇ ಇಲ್ಲಿ ಕೂತು ನೋಡಿದ್ರಲ್ಲ, ಟಪ್ ಅಂತ..."

"ಅದೇ ಕಣ್ರೀ ನಾನು ಹೇಳೋದು!" ಸಾಹೇಬರು ಮೇಜು ಗುದ್ದಿದರು. "ಇಲ್ಲೇ ಕೂತಿದ್ದೆ. ನನಗೆ ಕೇಳಿಸಿದ್ದು ಬರೀ ಟಪ್! ಆ ಟಪ್ಪಿನ ಒಳಗೆ ಇಷ್ಟೊಂದು ದುಡಿಮೆ ಇದ್ದದ್ದು ಬರಿಗಣ್ಣಿಗೆ ಕಾಣ್ಲೇ ಇಲ್ಲ. ಬೆವರು ಸುಳ್ಳಾ? ಆ ನಡುಗಿದ ಕೆನ್ನೆ ಸುಳ್ಳಾ?"

ಕೆನ್ನೆ ಸುಳ್ಳಲ್ಲ ಎಂದು ಗುಮಾಸ್ತರೂ ಒಪ್ಪಬೇಕಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು, ಪ್ರತ್ಯಕ್ಷವನ್ನು ಫೋನಿನಲ್ಲಿ ಕಂಡವರಿಗೆ ಏನು ಹೇಳಬೇಕೆಂದು ಹೇಳಿಹೋಗಿಲ್ಲ.

"ಇಂಥ ಜನರನ್ನ ದ್ವೀಪಕ್ಕೆ ಕಳಿಸಲಿಕ್ಕೆ ಹೊರಟಿದ್ದೆನಲ್ಲ!" ಎನ್ನುತ್ತಾ ಸಾಹೇಬರು ಅಲ್ಲೇ ಒಂದು ಹಾಳೆ ತರಿಸಿ, ಉಪಕಚೇರಿ ಇದ್ದಲ್ಲೇ ಇರತಕ್ಕದ್ದು, ಸಿಬ್ಬಂದಿ ಇದ್ದಲ್ಲೇ ಇರತಕ್ಕದ್ದು, ಸಹಾಯಕ್ಕೆ ಇನ್ನೂ ಇಬ್ಬರನ್ನು ಕೊಡತಕ್ಕದ್ದು ಎಂದು ಆದೇಶ ಬರೆಸಿದರು. ಪ್ರಧಾನ ಗುಮಾಸ್ತರು ಅದರ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದರು. ನಿಧಾನ ಗುಮಾಸ್ತರ ಹೊಟ್ಟೆಯೊಳಗಿನ ದೋಣಿ ದಡ ಕಾಣತೊಡಗಿತು. ಉಳಿದದ್ದು ಒಂದು ಸಹಿ.

ಪೆನ್ನು ತೆರೆದ ಸಾಹೇಬರು ಹಾಗೇ ನಿಂತರು. ಸುತ್ತ ನೋಡಿದರು. ಆಮೇಲೆ ಸ್ವಲ್ಪ ನಾಚಿಕೆಯಿಂದ, ದನಿ ತಗ್ಗಿಸಿ ಕೇಳಿದರು:

"ಗುಮಾಸ್ತರೇ, ನಾನು ಸಹಿ ಹಾಕೋದನ್ನೂ ಒಂದ್ಸಲ ತೆಗೀತೀರಾ? ಮೊದ್ಲಿಂದು ಬೇಡ. ಈ ಎರಡನೇದ್ರಲ್ಲಿ."

ಗುಮಾಸ್ತರು ಫೋನಿನ ಹೊಟ್ಟೆಯಿಂದ ಮಾವನವರ ನಿದ್ದೆಯನ್ನು ಅಳಿಸಿ ಜಾಗ ಮಾಡಿದರು. ಈ ಸಲ ಬೆರಳನ್ನು ಅಂಗಿಗೆ ಒರೆಸಿಕೊಂಡು, ಕಣ್ಣಿಟ್ಟು ನೋಡಿ, ಸರಿಯಾದದ್ದನ್ನೇ ಒತ್ತಿದರು. ಸಾಹೇಬರು ಸರ್ರನೆ ಸಹಿ ಎಳೆದರು. ಸೀನು ಬಂದು ಹೋದಷ್ಟು ಹೊತ್ತು, ಅಷ್ಟೇ. ಆದೇಶ ಜಾರಿಯಾಯಿತು. ಪ್ರಧಾನ ಗುಮಾಸ್ತರು ಹಾಳೆಯನ್ನು ಎತ್ತಿ ಎದೆಗೊತ್ತಿಕೊಂಡರು.

ಸಾಹೇಬರ ಗಮನ ಹಾಳೆಯ ಮೇಲಿರಲಿಲ್ಲ. ಅವರು ಫೋನಿಗೆ ಮೂಗು ತಾಗಿಸಿ ನೋಡುತ್ತಿದ್ದರು. ಅದರಲ್ಲಿ ಅವರದೇ ಕೈ ಹಡಗಿನಂತೆ ಗಂಭೀರವಾಗಿ ತೇಲಿ ಬಂತು. ಪೆನ್ನಿನ ತುದಿ ಕಾಗದಕ್ಕೆ ತಾಗಿ ನಡುಗಿತು. ಶಾಯಿ ಒಸರಿತು. ಹೆಬ್ಬೆರಳು ಬಾಗಿತು, ಬಿಳಿಚಿತು, ಹುಬ್ಬು ಗಂಟಾಯಿತು, ಗದ್ದ ಅದುರಿತು. ಮೊದಲ ಅಕ್ಷರದ ಕೊಂಬು ಸುತ್ತುವಷ್ಟರಲ್ಲಿ ನೋಡುತ್ತಿದ್ದ ಸಾಹೇಬರಿಗೆ ಉಸಿರು ಕಟ್ಟಿತು. ಕೊನೆಯ ಗೆರೆ ಎಳೆದು ಕೈ ಮೇಲೆದ್ದಾಗ ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಅಬ್ಬಬ್ಬಾ," ಎಂದರು. "ಇಂಥವು ದಿನಕ್ಕೆಷ್ಟು ಹಾಕ್ತೀನ್ರೀ ನಾನು! ಮನೇಲಿ ಒಬ್ರಿಗೂ ಗೊತ್ತಿಲ್ಲ."

ಸುತ್ತಿಗೆ ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು. ಪ್ರಧಾನ ಗುಮಾಸ್ತರು ಒಂದು ಕಡೆಯಿಂದ, ನಿಧಾನ ಗುಮಾಸ್ತರು ಇನ್ನೊಂದು ಕಡೆಯಿಂದ ತೋಳು ಹಿಡಿದು, ಸಾಹೇಬರನ್ನು ಮೆಟ್ಟಿಲಿಳಿಸಿ ಕಾರಿನವರೆಗೆ ನಡೆಸಿಕೊಂಡು ಹೋದರು. ಡ್ರೈವರು ಗಾಬರಿಯಾಗಿ ಬಾಗಿಲು ತೆರೆದ.

"ಇನ್ನು ಯಾವ ಕಚೇರಿಗೆ ಸಾರ್?"

"ಯಾವ ಕಚೇರಿಗೂ ಇಲ್ಲಪ್ಪ," ಎಂದರು ಸಾಹೇಬರು, ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತಾ. "ಮನೆಗೆ ನಡಿ. ಇವತ್ತು ಒಂದು ಸಹಿ ಹಾಕಿದೀನಿ."